ಘಟ್ಟ ಇಳಿದು 90 ದಿನ

ನಮ್ಮನೆ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆಯೇ ಉರುವಲು. ಮಳೆಗಾಲದಲ್ಲಿ ಅದು ಸುಲಭಕ್ಕೆ ಹತ್ತುವುದಿಲ್ಲ. ಒಣಗಿದ ಸಿಪ್ಪೆ ಹುಡುಕಿ ರಾಶಿಯ ಅಡಿಗೆ ಕೈ ಹಾಕಿದವಳಿಗೆ ಒಂದು ದಿನ ಗಟ್ಟಿ ಕಾಗದದಂಥದ್ದೇನೋ ಸಿಕ್ಕಿತು. 90 ಎಂಎಲ್ ಮದ್ಯದ ಪ್ಯಾಕೆಟ್. ಹರಿದ ಮೂಲೆಯಲ್ಲಿ ಒಳಗಿನ ಬೆಳ್ಳಿ ಹಾಳೆ ಮಿನುಗುತ್ತಿತ್ತು. ಕೈ ಹಾಕಿದಷ್ಟೂ ಬಂತು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು, ಎಣಿಸದೆ ಬಿಡಲು ಆಗುವುದಿಲ್ಲ. 43 ಇದ್ದವು. ಡೈರಿಯ ಕೊನೆಯ ಪುಟದಲ್ಲಿ ತಾರೀಕು ಹಾಕಿ ಬರೆದುಕೊಂಡೆ. ಆಮೇಲೆ ಎಲ್ಲವನ್ನೂ ಒಲೆಗೇ ಹಾಕಿದೆ. ಆ ನೀರಲ್ಲೇ ಮನೆಯವರೆಲ್ಲ ಸ್ನಾನ ಮಾಡಿದರು, ನಾನೂ ಮಾಡಿದೆ.

ಇವರು ಕುಡಿಯುತ್ತಾರೆ ಅನ್ನೋದು ಹೊಸ ವಿಷಯವೇನಲ್ಲ. ಮದುವೆಯಾದಾಗ ವರ್ಷಕ್ಕೆ ಒಂದೆರಡು ಸಲ. ಮಾವ ತೀರಿಕೊಂಡ ಮೇಲೆ ವಾರಕ್ಕೊಮ್ಮೆ. ತೋಟಕ್ಕೆ ಎಲೆಚುಕ್ಕಿ ರೋಗ ಬಂದ ವರ್ಷದಿಂದ ದಿನಾ. ಬಾಯಲ್ಲಿ ಸದಾ ಕವಳ, ಅಂದರೆ ಎಲೆ ಅಡಿಕೆ. ಶಿರಸಿ ಕಡೆ ಕವಳ ಹಾಕುವವರ ಬಾಯಿ ವಾಸನೆಯನ್ನು ಯಾರೂ ವಿಚಾರಿಸುವುದಿಲ್ಲ. ಹವ್ಯಕ ಬ್ರಾಹ್ಮಣರ ಮನೆಯಲ್ಲಿ ಕುಡಿತ ಇಲ್ಲ ಅಂತ ಎಲ್ಲರೂ ನಂಬಿಕೊಂಡಿರುವುದರಿಂದ ಮುಚ್ಚಿಡುವುದೂ ಸಲೀಸು. ಇಷ್ಟು ವರ್ಷ ಮುಚ್ಚಿಟ್ಟವಳು ನಾನೇ. ಸಂಘದ ಮೀಟಿಂಗಿಗೆ ಬರಲಿಲ್ಲ ಯಾಕೆ ಅಂದರೆ ಜ್ವರ. ಶ್ರಾದ್ಧಕ್ಕೆ ಬರಲಿಲ್ಲ ಯಾಕೆ ಅಂದರೆ ಸೊಂಟನೋವು. ನೆಂಟರ ಬಾಯಲ್ಲಿ ಇವರು ಊರಲ್ಲೇ ಜಾಸ್ತಿ ಜ್ವರ ಬರುವ ಮನುಷ್ಯ ಆಗಿದ್ದರು.

ಮಾಡುವುದನ್ನೆಲ್ಲ ಮಾಡಿದ್ದೆವು. ಮಾರಿಕಾಂಬೆಗೆ ಹರಕೆ ಹೊತ್ತದ್ದಾಯಿತು. ದೇವರ ಮುಂದೆ ಪ್ರಮಾಣ ಮಾಡಿಸಿದ್ದೂ ಆಯಿತು. ಪರಿಚಯದವರೊಬ್ಬರು ಒಂದು ಪುಡಿ ಕೊಟ್ಟು, ಅವರಿಗೆ ಗೊತ್ತಾಗದ ಹಾಗೆ ಕಾಫಿಗೆ ಹಾಕಿ ಅಂದರು. ಹಾಕಿದೆ. ಆ ಸಂಜೆ ಇವರ ಮುಖ ಕೆಂಪಗಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಅಂಗಳದಲ್ಲೇ ಕುಸಿದು ಕೂತರು. ನನಗೆ ಆಗ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಮುಂದೆ ಡಾಕ್ಟರ ಹತ್ತಿರ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಡೈಸಲ್ಫಿರಾಂ ಅನ್ನೋ ಮಾತ್ರೆ ಇದೆ, ಅದರ ಮೇಲೆ ಕುಡಿದರೆ ಹೀಗೇ ಆಗುತ್ತೆ. ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಸಿ ಕೊಡುವ ಔಷಧ ಅದು. ಕದ್ದು ಕೊಟ್ಟರೆ ಹೃದಯವೇ ನಿಂತುಹೋಗಬಹುದು ಅಂದರು. ಆ ಪುಡಿಯಲ್ಲಿ ಅದೇ ಇತ್ತೋ ಇನ್ನೇನಿತ್ತೋ. ನನ್ನ ಕೈಯಾರೆ ಕಲಸಿದ್ದೆ.

ಶಿರೂರಿನಲ್ಲಿ ಗುಡ್ಡ ಕುಸಿದ ವಾರ, 2024ರ ಜುಲೈ. ಟಿವಿ ಮುಂದೆ ಎಲ್ಲರೂ ಕೂತಿದ್ದೆವು. ಗಂಗಾವಳಿ ನದಿಯಲ್ಲಿ ಲಾರಿ ಹುಡುಕುವುದನ್ನು ತೋರಿಸುತ್ತಿದ್ದರು. ಇವರಿಗೆ ಏನನ್ನಿಸಿತೋ, 'ಇವತ್ತಿಂದ ಬಿಟ್ಟೆ' ಅಂದರು. ನಿಜಕ್ಕೂ ಬಿಟ್ಟರು. ಮಾರನೇ ದಿನ ಕೈ ನಡುಗಿತು, ಬೆವರಿತು, ಅನ್ನ ಸೇರಲಿಲ್ಲ. ಅದರ ಮಾರನೇ ಬೆಳಿಗ್ಗೆ, ಅಡಿಕೆಗೆ ಹೊಡೆಯುವ ಬೋರ್ಡೋ ಮದ್ದು ಮಾಡಲು ಸುಣ್ಣ ಕದಡುತ್ತಿದ್ದವರು ಹಾಗೇ ಹಿಂದಕ್ಕೆ ಬಿದ್ದರು. ಫಿಟ್ಸ್. ಅತ್ತೆ ಕಬ್ಬಿಣ ತಂದು ಕೈಯಲ್ಲಿ ಹಿಡಿಸಿದರು. ಕುಡಿದಾಗ ಬಾರದ್ದು ಬಿಟ್ಟಾಗ ಬಂತಲ್ಲ ಅಂತ ಊರವರಿಗೆ ಆಶ್ಚರ್ಯ. ಆಸ್ಪತ್ರೆಯಲ್ಲಿ ಹೇಳಿದರು, ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಹೀಗಾಗುವುದುಂಟು. ಮಿದುಳಿಗೆ ದಾರು ಅಭ್ಯಾಸ ಆಗಿಹೋಗಿರುತ್ತೆ, ಸಿಗದಿದ್ದಾಗ ಅದು ಕೆರಳುತ್ತೆ. ಮನೆಯಲ್ಲಿ ಕೂಡಿಹಾಕಿ ಬಿಡಿಸಬೇಡಿ, ಜೀವಕ್ಕೇ ಬರುತ್ತೆ ಅಂದರು.

ಅಲ್ಲಿಂದ ಹುಡುಕಾಟ ಶುರುವಾಯಿತು. ಧರ್ಮಸ್ಥಳ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರು ನಮ್ಮ ಸುತ್ತಲೇ ಇದ್ದಾರೆ. ಆದರೆ ಇವರಿಗೆ ಫಿಟ್ಸ್ ಬಂದಿತ್ತು. ಜೊತೆಗೆ ಕುಡಿಯದ ಹೊತ್ತಲ್ಲೂ ಗೋಡೆ ನೋಡಿಕೊಂಡು ಕೂತಿರುವ ಅಭ್ಯಾಸ. ಒಳಗೇ ಉಳಿದು ಚಿಕಿತ್ಸೆ ತಗೊಳ್ಳುವ ಜಾಗ ನೋಡಿ, ಮನೋವೈದ್ಯರು ಇರುವಂಥದ್ದು, ಅಂತ ತಾಲೂಕು ಆಸ್ಪತ್ರೆಯಲ್ಲಿ ಬರೆದುಕೊಟ್ಟರು. ಮಂಗಳವಾರ ಅಲ್ಲಿಗೆ ಮನೋವೈದ್ಯರು ಬರುತ್ತಾರೆ, ಸರ್ಕಾರದ ಮನೋಚೈತನ್ಯ ಅನ್ನೋ ಕಾರ್ಯಕ್ರಮ. ಹತ್ತು ವರ್ಷದಿಂದ ಆ ಗೇಟಿನ ಮುಂದೇ ಬಸ್ಸಿಗೆ ಕಾಯುತ್ತಿದ್ದೇನೆ, ನನಗೆ ಗೊತ್ತಿರಲಿಲ್ಲ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಹೆಸರನ್ನೂ ಹೇಳಿದರು. ದೂರ. ಮಗಳು 8ನೇ ಕ್ಲಾಸು, ಅತ್ತೆಗೆ 74, ಕೊಟ್ಟಿಗೆಯಲ್ಲಿ ಎರಡು ಹಸು.

ಮೊದಲು ನೋಡಿದ ಒಂದು ಜಾಗದ ಕಥೆ ಹೇಳಲೇಬೇಕು. ಫೋನಿನಲ್ಲೇ, 'ನೀವು ಏನೂ ಮಾಡಬೇಡಿ ಮೇಡಂ, ನಮ್ಮ ಹುಡುಗರು ರಾತ್ರಿ ಬಂದು ಎತ್ತಿಕೊಂಡು ಹೋಗ್ತಾರೆ. ಆರು ತಿಂಗಳು ಮರೆತುಬಿಡಿ' ಅಂದರು. ನಾನು ಅಣ್ಣನನ್ನು ಕರೆದುಕೊಂಡು ಹೋಗಿ ನೋಡಿದೆ. ಆಫೀಸಿನಲ್ಲಿ ಸೋಫಾ, ಏಸಿ. ಒಳಗಿನ ಕೋಣೆ ತೋರಿಸಿ ಅಂದರೆ ಆಗಲ್ಲ ಅಂದರು. ಡಾಕ್ಟರು ಯಾರು ಅಂದರೆ ಬರ್ತಾರೆ ಹೋಗ್ತಾರೆ ಅಂದರು. ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ಒಬ್ಬ ಹುಡುಗ ನಮ್ಮನ್ನೇ ನೋಡುತ್ತಿದ್ದ, ತಲೆ ಬೋಳಿಸಿದ್ದರು. ನಾವು ಚಹಾ ಕುಡಿಯದೆ ಎದ್ದು ಬಂದೆವು. ಹೊರಗೆ ಬಂದು ಅಣ್ಣ ಅಂದ, 'ಅಡಿಕೆ ಮೂಟೆ ಹಾಕಿಕೊಳ್ಳುವವರೂ ಇಷ್ಟು ಅವಸರ ಮಾಡೋದಿಲ್ಲ ನೋಡು.'

ಎರಡನೆಯದು ಘಟ್ಟದ ಕೆಳಗೆ, ಕುಮಟೆಯಿಂದ ಇನ್ನೂ ಸ್ವಲ್ಪ ಮುಂದೆ. ಹಳೇ ಹೆಂಚಿನ ಕಟ್ಟಡ, ಸುತ್ತ ತೆಂಗು. ಅಲ್ಲಿಯವರು ಮೊದಲು ಕೇಳಿದ್ದೇ, 'ಅವರು ಬರಲು ಒಪ್ಪಿದಾರಾ?' 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಕುಡಿತದಿಂದ ಬರುವ ಮನಸ್ಸಿನ ತೊಂದರೆಯೂ ಕಾಯಿಲೆಯೇ. ಸ್ವಂತ ಒಪ್ಪಿಗೆಯಿಂದ ಸೇರಿದವರು ಬಿಡುಗಡೆ ಕೇಳುವ ಹಕ್ಕು ಇಟ್ಟುಕೊಂಡೇ ಸೇರುತ್ತಾರೆ. ನಿರ್ಧಾರ ಮಾಡುವ ಸ್ಥಿತಿಯಲ್ಲೇ ಇಲ್ಲದವರನ್ನು ಮನೆಯವರ ಅರ್ಜಿ ಮೇಲೆ ಸೇರಿಸಿಕೊಳ್ಳಬಹುದು, ಅದಕ್ಕೆ ಇಬ್ಬರು ಬೇರೆಬೇರೆಯಾಗಿ ಪರೀಕ್ಷೆ ಮಾಡಬೇಕು, ಮೊದಲಿಗೆ 30 ದಿನದವರೆಗೆ ಅಷ್ಟೇ. ಸರಪಳಿ ಹಾಕುವುದಂತೂ ಅಪರಾಧ. ಇದನ್ನೆಲ್ಲ ನಾನು ಕೇಳದೇನೇ ಹೇಳಿದರು. ಮೇಲೆ ಕರೆದುಕೊಂಡು ಹೋಗಿ ಕೋಣೆ, ಕಕ್ಕಸು, ಅಡುಗೆಮನೆ ತೋರಿಸಿದರು. ಗಂಜಿ ಕುದಿಯುತ್ತಿತ್ತು. ತಿಂಗಳಿಗೆ 18 ಸಾವಿರ, ರಕ್ತಪರೀಕ್ಷೆ ಮತ್ತು ಮಾತ್ರೆ ಬೇರೆ. ಒಟ್ಟು ಮೂರು ತಿಂಗಳು. ನಾನು ಬಳೆ ಅಡವಿಟ್ಟೆ. ಸೊಸೈಟಿಯಲ್ಲೇ ಇಟ್ಟೆ, ನನ್ನ ಕೈಯಿಂದಲೇ ರಸೀದಿ ಬರೆದುಕೊಂಡೆ.

ಇವರು ಒಪ್ಪಿದ್ದು ನನ್ನ ಮಾತಿಗಲ್ಲ. ಆಸ್ಪತ್ರೆಯಿಂದ ಬಂದು ಮೂರೇ ದಿನಕ್ಕೆ ಮತ್ತೆ ಶುರು ಮಾಡಿದ್ದರು. ಒಂದು ರಾತ್ರಿ ಜಗುಲಿಯಲ್ಲಿ ಕೂತು, 'ಬಿಡದಿದ್ದರೂ ಸಾಯ್ತೆ, ಬಿಟ್ಟರೂ ಸಾಯ್ತೆ' ಅಂದರು. ಮಾರನೇ ದಿನ ತಾವೇ ಬ್ಯಾಗು ತೆಗೆದರು.

ಸೇರುವ ದಿನ ಆ ಬ್ಯಾಗನ್ನು ಮೇಜಿನ ಮೇಲೆ ಬಿಚ್ಚಿದರು. ಸೆಂಟು, ಸ್ಯಾನಿಟೈಸರ್, ಕೆಮ್ಮಿನ ಸಿರಪ್ ಎಲ್ಲ ಪಕ್ಕಕ್ಕೆ ಹೋಯಿತು. ಅವುಗಳಲ್ಲಿ ಆಲ್ಕೋಹಾಲ್ ಇರುತ್ತಂತೆ. ಕವಳದ ಸಂಚಿಯನ್ನೂ ತೆಗೆದಿಟ್ಟರು. ತಂಬಾಕು ಬೇಡ ಸರಿ, ಬರೀ ಎಲೆ ಅಡಿಕೆ? ಅದೂ ಬೇಡ ಅಂದರು. ಅಡಿಕೆಯೂ ಚಟವೇ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ಅದನ್ನು ಸೇರಿಸಿದೆ ಅಂದರು. ಇವರು ಜೀವಮಾನದಲ್ಲಿ ಮೊದಲ ಸಲ ನಕ್ಕವರ ಹಾಗೆ ನಕ್ಕು, 'ಹಾಗಾದರೆ ನಾನು ಬೆಳೆಯೋದೂ ಅದೇ, ತಿನ್ನೋದೂ ಅದೇ' ಅಂದರು. ಈ ವಿಷಯವನ್ನು ನಾನು ಊರಲ್ಲಿ ಯಾರಿಗೂ ಹೇಳಿಲ್ಲ. ಹೇಳುವ ಧೈರ್ಯವೂ ಇಲ್ಲ.

ಮೊದಲ ವಾರ ಮನೆಯವರೊಬ್ಬರು ಜೊತೆಗಿರಬೇಕು. ನಾನು ರಜೆ ಹಾಕಿ ಉಳಿದೆ. ಹೋದ ತಕ್ಷಣ ಸೂಜಿ ಚುಚ್ಚಿದರು, ಥಯಾಮಿನ್, ಅಂದರೆ ಬಿ1 ವಿಟಮಿನ್. ಹಿಂದೆಲ್ಲ ಸುಸ್ತಾದಾಗ ನಾವು ಸೀದಾ ಹೋಗಿ ಗ್ಲೂಕೋಸ್ ಹಾಕಿಸುತ್ತಿದ್ದೆವು. ಕುಡಿಯುವವರ ಮೈಯಲ್ಲಿ ಬಿ1 ಖಾಲಿಯಾಗಿರುತ್ತೆ, ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಅಂತ ನರ್ಸ್ ಹೇಳಿದಾಗ ನಾನು ಹಾಕಿಸಿದ ಬಾಟಲಿಗಳನ್ನೆಲ್ಲ ನೆನೆಸಿಕೊಂಡೆ. ಲಿವರ್ ಹಾಳಾಗಿದ್ದರಿಂದ ಲೊರಾಜೆಪಾಮ್ ಮಾತ್ರೆ ಆರಿಸಿದರು. ಮೊದಲು ಜಾಸ್ತಿ, ಆಮೇಲೆ ದಿನದಿಂದ ದಿನಕ್ಕೆ ಕಡಿಮೆ.

ಮೂರನೇ ರಾತ್ರಿ ನನಗೆ ಎಚ್ಚರವಾದಾಗ ಇವರು ಮಂಚದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಎದುರಿಗೆ ಏನೋ ಇದೆ ಅನ್ನುವ ಹಾಗೆ ನೋಡುತ್ತಿದ್ದರು. ಎಡಗೈ ಬಗ್ಗಿಸಿ ಏನನ್ನೋ ಎತ್ತಿಕೊಳ್ಳುವುದು, ಎರಡೂ ಕೈಯಲ್ಲಿ ಹಿಡಿದು ಒತ್ತಿ ತಿರುವುವುದು, ಬಲಗೈಯಿಂದ ಪಕ್ಕಕ್ಕೆ ಎಸೆಯುವುದು. ಮತ್ತೆ ಎತ್ತಿಕೊಳ್ಳುವುದು. ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಕತ್ತಿ ಇಲ್ಲ, ಅಡಿಕೆ ಇಲ್ಲ. ಕೈಗಳು ಮಾತ್ರ ಲೆಕ್ಕ ತಪ್ಪದೆ ಆಡುತ್ತಿದ್ದವು. 'ಲೈಟ್ ಹಾಕು, ಇನ್ನೂ ಒಂದು ಬುಟ್ಟಿ ಅದೆ' ಅಂದರು ನನ್ನ ಕಡೆ ತಿರುಗದೆ. ನರ್ಸ್ ಬಂದು ಬಿಪಿ ನೋಡಿ, ಡಾಕ್ಟರಿಗೆ ಫೋನ್ ಮಾಡಿ, ಇನ್ನೊಂದು ಡೋಸ್ ಕೊಟ್ಟರು. ಸನ್ನಿ ಇದು, ಮಾಡುವ ಕಸುಬೇ ಎದ್ದು ಬರುತ್ತೆ, ಮೀನುಗಾರರು ಬಲೆ ಎಳೀತಾರೆ ಅಂದರು. ಬೆಳಗಾಗುವವರೆಗೆ ನಾನು ಇವರ ಎದುರಿಗೆ ಕೂತಿದ್ದೆ. ಎರಡು ಬುಟ್ಟಿಯಾದರೂ ಸುಲಿದಿರಬೇಕು.

ಆಮೇಲಿನ ದಿನಚರಿ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಐದೂವರೆಗೆ ಏಳುವುದು, ಯೋಗ, ಗುಡಿಸುವ ಪಾಳಿ, ಗುಂಪಿನಲ್ಲಿ ಕೂತು ಮಾತಾಡುವುದು, ಸಂಜೆ ವಾಲಿಬಾಲ್, ರಾತ್ರಿ ಡೈರಿ ಬರೆಯುವುದು. ಮೂರನೇ ವಾರ ಕಳೆದ ಮೇಲೆ ಮನೋವೈದ್ಯರು ಮತ್ತೆ ಕೂರಿಸಿಕೊಂಡು ಮಾತಾಡಿದರು. ಕುಡಿತ ತಾನೇ ಮನಸ್ಸನ್ನು ಕುಗ್ಗಿಸುತ್ತೆ, ಬಿಟ್ಟು ಕೆಲವು ವಾರ ಆದಮೇಲೂ ಉಳಿದರೆ ಅದು ಬೇರೆಯದೇ ಕಾಯಿಲೆ, ಅದಕ್ಕೇ ಕಾದೆವು ಅಂದರು. ಉಳಿದಿತ್ತು. ಖಿನ್ನತೆ. ಮಾವ ಹೋದಾಗಿನಿಂದ ಇತ್ತು. ಬದುಕೇ ಸಾಕು ಅನ್ನಿಸಿದ್ದು ಎಷ್ಟೋ ಸಲ ಅಂತ ಇವರು ಹೇಳಿದ್ದು ಅಲ್ಲಿಯ ಗುಂಪಿನಲ್ಲಿ, ಕಾರವಾರದ ಒಬ್ಬ ಡ್ರೈವರಿನ ಮುಂದೆ, ಅಂಕೋಲೆಯ ಒಬ್ಬ ಮೇಸ್ಟ್ರ ಮುಂದೆ. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಎಷ್ಟು ಕುಡಿದಿರಿ ಅನ್ನೋದು ಬಿಟ್ಟು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದಾದ ಟೆಲಿ ಮಾನಸ್ ನಂಬರ್ 14416 ಅಂತ ಅಲ್ಲಿಯ ಗೋಡೆ ಮೇಲೆ ಬರೆದಿತ್ತು. ಅದು ಈಗ ನಮ್ಮ ಅಡುಗೆಮನೆ ಗೋಡೆಯಲ್ಲೂ ಇದೆ, ಹಾಲಿನ ಲೆಕ್ಕದ ಪಕ್ಕ.

ನಿಜವಾದ ಕಷ್ಟ ಭಾನುವಾರಗಳದು. ಎರಡನೇ ತಿಂಗಳಿಂದ ಮನೆಯವರ ಕ್ಲಾಸು. ಬೆಳಿಗ್ಗೆ ಹಾಲು ಕರೆದು, ಅತ್ತೆ, ಮಗಳು, ನಾನು ಮೂವರೂ ಬಸ್ಸು ಹತ್ತುವುದು. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ, ಅಗೆದ ಮಣ್ಣು, ಅತ್ತೆಗೆ ವಾಂತಿ. ಇವರಿಗೆ ಚಿಕಿತ್ಸೆ, ನಮಗ್ಯಾಕೆ ಕ್ಲಾಸು ಅಂತ ನಾನು ದಾರಿಯುದ್ದಕ್ಕೂ ಗೊಣಗುತ್ತಿದ್ದೆ.

ಮೊದಲ ಭಾನುವಾರ ಕೌನ್ಸೆಲರ್ ಮೇಡಂ ಎಲ್ಲ ಮನೆಯವರಿಗೂ ಒಂದೊಂದು ಹಾಳೆ ಕೊಟ್ಟರು. 'ಅವರು ಕುಡಿಯೋದಕ್ಕೆ ನೀವು ಯಾವ್ಯಾವ ರೀತಿ ಅನುಕೂಲ ಮಾಡಿಕೊಟ್ಟಿರಿ, ಬರೀರಿ.' ನನಗೆ ಸಿಟ್ಟು ಬಂತು. ನಾವೇನು ಬಾರ್ ನಡೆಸುತ್ತಿದ್ದೆವಾ? ಪಕ್ಕದಲ್ಲಿದ್ದ ಹೊನ್ನಾವರದ ಹೆಂಗಸು ಸುಮ್ನೆ ಬರೆಯತೊಡಗಿದಳು, ಹಾಳೆಯ ಹಿಂಭಾಗಕ್ಕೂ ಹೋದಳು. ಕೊನೆಗೆ ನಾನೂ ಬರೆದೆ. ಜ್ವರದ ಸುಳ್ಳು. ಅಂಗಡಿ ಸಾಲ ತೀರಿಸಿದ್ದು, ನಾಲ್ಕು ಸಲ. ಬಿದ್ದಲ್ಲಿಂದ ಎತ್ತಿ ತಂದು ಬಟ್ಟೆ ಬದಲಿಸಿ ಬೆಳಿಗ್ಗೆ ಏನೂ ಆಗಿಲ್ಲ ಅನ್ನುವ ಹಾಗೆ ದೋಸೆ ಹೊಯ್ದದ್ದು. ಕುಡುಕರ ಹೆಂಡತಿಯರು ಸೇರಿ ಅಮೆರಿಕದಲ್ಲಿ 1951ರಲ್ಲೇ ಒಂದು ಸಂಘ ಕಟ್ಟಿಕೊಂಡರಂತೆ, ಅಲ್-ಅನಾನ್ ಅಂತ. ಆಲ್ಕೋಹಾಲಿಕ್ಸ್ ಅನಾನಿಮಸ್ ಕಟ್ಟಿದವರಲ್ಲಿ ಒಬ್ಬರ ಹೆಂಡತಿಯೇ ಮುಂದೆ ನಿಂತು ಮಾಡಿದ್ದು. ಈ ಕುಡಿತಕ್ಕೆ ನಾನು ಕಾರಣ ಅಲ್ಲ, ಹಿಡಿದು ನಿಲ್ಲಿಸಲು ನನ್ನಿಂದ ಆಗದು, ವಾಸಿ ಮಾಡಲೂ ಆಗದು ಅನ್ನೋದು ಅವರ ಮೊದಲ ಪಾಠ. ಹೇಳಲು ಸುಲಭ.

ಅತ್ತೆಗೆ ಬರೆಯಲು ಕಣ್ಣು ಕಾಣುವುದಿಲ್ಲ. ಮೇಡಂ ಅವರ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತು, 'ನೀವು ಹೇಳಿ ಅಮ್ಮ' ಅಂದರು. ಅತ್ತೆ ಸೀರೆ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತರು. ಆಮೇಲೆ ನೆಲ ನೋಡಿಕೊಂಡು ಹೇಳಿದರು, 'ಆನೇ ದುಡ್ಡು ಕೊಟ್ಟಿದ್ದಿ. ಮನೇಲಿ ಕುಡದ್ರೆ ಕಣ್ಣೆದುರಿಗಾದ್ರೂ ಇರ್ತ ಹೇಳಿ.'

ಅತ್ತೆಯೇ ಕೊಟ್ಟದ್ದು, ಡೈರಿಯ ಹಾಲಿನ ದುಡ್ಡು. ದಿನಕ್ಕೆ 100 ರೂಪಾಯಿ. ಎಷ್ಟು ವರ್ಷ ಅಂದರೆ ಮೂರು. ನನ್ನ ತಲೆಯಲ್ಲಿ ಲೆಕ್ಕ ತಾನೇ ಆಗಿಹೋಯಿತು, ಲಕ್ಷ ದಾಟಿತು. ನಾನು ಮಸಾಲೆ ಡಬ್ಬದಲ್ಲಿ, ಅಕ್ಕಿ ಡಬ್ಬದಲ್ಲಿ ಹಣ ಬಚ್ಚಿಡುತ್ತ, ಇವರಿಗೆ ಎಲ್ಲಿಂದ ಸಿಗುತ್ತೆ ಅಂತ ಊರೆಲ್ಲ ಅನುಮಾನಪಡುತ್ತಿದ್ದಾಗ, ಪಕ್ಕದ ಕೋಣೆಯಿಂದಲೇ ಬರುತ್ತಿತ್ತು. ಎದ್ದು ಹೊರಗೆ ಹೋಗಿ ತೆಂಗಿನ ಬುಡದಲ್ಲಿ ನಿಂತೆ. ಆ ದಿನ ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂತೆ.

ನನ್ನ ಸರದಿ ಬಂದದ್ದು ಮೂರನೇ ಭಾನುವಾರ. ಅವತ್ತು ಇವರನ್ನೂ ಕೂರಿಸಿ ಎದುರುಬದುರು ಮಾತು. ಮಗಳು ಅಪ್ಪನಿಗೊಂದು ಕಾಗದ ಬರೆದು ತಂದಿದ್ದಳು. ಶಾಲೆಯ ಮೀಟಿಂಗಿಗೆ ಇವರು ಕುಡಿದು ಬಂದಿದ್ದ ವಿಷಯ ಇರುತ್ತೆ ಅಂತ ನಾನು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಅದು ಎರಡೇ ಸಾಲು. ಮುಂದೆ ಹೀಗಿತ್ತು: 'ಅಪ್ಪ ಬಂದ ಕೂಡಲೇ ಅಮ್ಮ ನನ್ನನ್ನು ನೀರು ಕೊಟ್ಟು ಬಾ ಅಂತ ಕಳಿಸುತ್ತಾಳೆ. ನೀರು ಕೊಡೋಕೆ ಅಲ್ಲ. ಮೂಸಿ ಬಂದು ಹೇಳೋಕೆ. ಹೌದು ಅಂದರೆ ಜಗಳ ಆಗತ್ತೆ. ಇಲ್ಲ ಅಂತ ಸುಳ್ಳು ಹೇಳಿದರೆ ಅಮ್ಮ ನನ್ನ ಮುಖ ನೋಡತ್ತು. ನಂಗೆ ಅಪ್ಪ ಬರೋ ಹೊತ್ತಿಗೆ ಹೊಟ್ಟೆನೋವು ಬರತ್ತೆ.'

ಅವಳ ಹೊಟ್ಟೆನೋವಿಗೆ ನಾನು ಎರಡು ಸಲ ಸ್ಕ್ಯಾನಿಂಗ್ ಮಾಡಿಸಿದ್ದೆ. ಓಮಿನ ಕಷಾಯ ಕೊಟ್ಟಿದ್ದೆ.

ಇವರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಕಿವಿ ಬಿಸಿಯಾಗಿತ್ತು. ಮೇಡಂ ಸಮಾಧಾನ ಏನೂ ಹೇಳಲಿಲ್ಲ, ಅದಕ್ಕೆ ಇವತ್ತಿಗೂ ಅವರ ಮೇಲೆ ಗೌರವ. ಸ್ವಲ್ಪ ಹೊತ್ತು ಬಿಟ್ಟು, 'ನಿಮ್ಮ ಡೈರಿಯ ಕೊನೇ ಪುಟ ತಂದಿದೀರಾ?' ಅಂದರು. ಸೇರಿಸುವ ದಿನ ಆ ಲೆಕ್ಕ ಡಾಕ್ಟರಿಗೆ ಬಹಳ ಉಪಯೋಗ ಆಗಿತ್ತು, ಎಷ್ಟು, ಎಂದಿನಿಂದ ಅಂತ. 'ಇನ್ನು ಮುಂದೆ ಅದು ಅವರ ಕೆಲಸ. ನಿಮ್ಮದಲ್ಲ, ಮಗುವಿನದಂತೂ ಅಲ್ಲವೇ ಅಲ್ಲ' ಅಂದರು.

ನವೆಂಬರಿನಲ್ಲಿ ಮನೆಗೆ ಬಂದರು. ಬರುವ ಮೊದಲು ಎಲ್ಲರೂ ಕೂತು ಒಂದು ಹಾಳೆಯಲ್ಲಿ ಬರೆದೆವು. ಹಣ ಯಾರ ಕೈಯಲ್ಲಿ, ಆಸೆ ಕೆರಳಿದರೆ ಯಾರಿಗೆ ಫೋನ್, ಕುಡಿದೇಬಿಟ್ಟರೆ ಮನೆಯವರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ. ಸುಳ್ಳು ಹೇಳುವುದಿಲ್ಲ ಅಂತ ನಾನು ಬರೆದೆ. ದುಡ್ಡು ಕೊಡುವುದಿಲ್ಲ ಅಂತ ಅತ್ತೆ ಹೆಬ್ಬೆಟ್ಟು ಒತ್ತಿದರು. ಅವರಿಗೆ ಸಹಿ ಬರುತ್ತೆ, ಆದರೂ ಹೆಬ್ಬೆಟ್ಟೇ ಒತ್ತಿದರು. ಆಸೆ ತಗ್ಗಿಸಲು ಅಕಾಂಪ್ರೊಸೇಟ್, ದಿನಕ್ಕೆ 6 ಮಾತ್ರೆ. ಖಿನ್ನತೆಗೆ ಬೇರೆ.

ಊರಿನವರಿಗೆ ಏನು ಹೇಳುವುದು ಅನ್ನೋದೇ ದೊಡ್ಡ ತಲೆಬಿಸಿಯಾಗಿತ್ತು. ಇವರೇ ಬಗೆಹರಿಸಿದರು. ಬಂದ ವಾರವೇ ನೆಂಟರ ಮನೆಗೆ ಹೋಗಿದ್ದೆವು. ಅಲ್ಲಿಯ ಅಕ್ಕ ಎಂದಿನಂತೆ, 'ಆಸ್ರಿಗೆ ಎಂತ ಬೇಕು?', ಅಂದರೆ ಕುಡಿಯಲು ಏನು ಬೇಕು ಅಂತ ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ವಿಷಯ ಆಗಲೇ ಹಬ್ಬಿತ್ತು ಅಂತಾಯಿತು. ಇವರು, 'ಮಜ್ಜಿಗೆ ಸಾಕು. ಬೇರೆಯದನ್ನು ಬಿಡಲು ಮೂರು ತಿಂಗಳು ಘಟ್ಟದ ಕೆಳಗಿದ್ದೆ' ಅಂದರು. ಜಗುಲಿ ಸುಮ್ಮನಾಯಿತು. ಹೊರಡುವಾಗ ಅಲ್ಲಿಯ ಭಾವ ದಣಪೆವರೆಗೆ ಬಂದು, ಅದು ಎಲ್ಲಿ, ಎಷ್ಟು ಖರ್ಚು ಅಂತ ನನ್ನ ಹತ್ತಿರ ಮೆಲ್ಲಗೆ ವಿಚಾರಿಸಿದರು. ಯಾರಿಗೆ ಅಂತ ನಾನು ಕೇಳಲಿಲ್ಲ.

ಮಾರ್ಚಿನಲ್ಲಿ ಜಾರಿದರು. ಶಿರಸಿಯಲ್ಲಿ ಹೋಳಿಯ ಬೇಡರ ವೇಷ ನೋಡಲು ಹೋದವರು ರಾತ್ರಿ ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಬಂದು ಬಾಗಿಲಲ್ಲೇ, 'ಕುಡಿದೆ. ಎರಡು ಪ್ಯಾಕೆಟ್' ಅಂದರು. ನಾನು ಏನೂ ಕೇಳಿರಲಿಲ್ಲ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾಗದು. ಹಾಳೆಯಲ್ಲಿ ಬರೆದದ್ದು ಒಂದೂ ನೆನಪಿರಲಿಲ್ಲ. ಇವರು ಅದನ್ನು ನಾಗಂದಿಗೆ ಮೇಲಿಂದ ತೆಗೆದು, ಅದರಲ್ಲಿದ್ದ ನಂಬರಿಗೆ ತಾವೇ ಫೋನ್ ಮಾಡಿದರು. ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋಗಿ ಅಲ್ಲೂ ಹೇಳಿದರು. ಮತ್ತೆ ಸೇರಿಸಬೇಕಿಲ್ಲ, ವಾರ ವಾರ ಬನ್ನಿ ಅಂದರು. ಆಮೇಲೆ ಇವತ್ತಿನವರೆಗೆ ಇಲ್ಲ. ಇಲ್ಲ ಅಂತ ಇವರು ಹೇಳುತ್ತಾರೆ, ನಾನು ಮೂಸಿ ನೋಡಿಲ್ಲ.

ಅತ್ತೆಯ ಹತ್ತಿರ ನನ್ನ ಮಾತು ಇನ್ನೂ ಅಷ್ಟಕ್ಕಷ್ಟೇ. ಮಗಳ ಹೊಟ್ಟೆನೋವು ಪರೀಕ್ಷೆಯ ಹೊತ್ತಿಗೆ ಒಮ್ಮೆ ಬಂತು, ಪರೀಕ್ಷೆ ಮುಗಿದ ಮೇಲೆ ಹೋಯಿತು. ಬಳೆ ಇನ್ನೂ ಸೊಸೈಟಿಯಲ್ಲೇ ಇದೆ.

ಈಗ ಮತ್ತೆ ಮಳೆ. ಅಡಿಕೆಗೆ ಕೊಳೆ ರೋಗ ಬರುವ ಮೊದಲು ಮದ್ದು ಹೊಡೆಸಬೇಕು, ಹೊಡೆಯುವವರು ಸಿಗುವುದೇ ಕಷ್ಟ. ಅಂತೂ ಬರುವ ಮಂಗಳವಾರ ಬರುತ್ತೇವೆ ಅಂದಿದ್ದಾರೆ. ಅದು ಆಸ್ಪತ್ರೆಯ ದಿನ. ಇವರು ಹೊರಗೆ ಅಂಗಳದಲ್ಲಿ ಛತ್ರಿ ಹಿಡಿದು ನಿಂತು, ಸಿಗ್ನಲ್ ಸಿಗುವ ಮೂಲೆ ಹುಡುಕಿಕೊಂಡು, ಬುಧವಾರ ಬನ್ನಿ ಮಾರಾಯ್ರೇ ಅಂತ ಅವರನ್ನು ಒಪ್ಪಿಸುತ್ತಿದ್ದಾರೆ.